68 ವರ್ಷದ ಓ.ಸಿ.ಯನ್ನು ತಂದ ಮೇಲೆ ನಮ್ಮ ಟೀಮ್ ಓಡಿತು

2025ರ ಜನವರಿಯಲ್ಲಿ ನಮ್ಮ ಅಮೆರಿಕನ್ ಫುಟ್‌ಬಾಲ್ ಕ್ಲಬ್ಬಿನ ಕಮಿಟಿ ಸೇರಿತ್ತು. ಇದ್ದವರು ಐದು ಜನ. ವಿಷಯ ಒಂದೇ: 68 ವರ್ಷದ ನಿವೃತ್ತ ಹೈಸ್ಕೂಲ್ ಕೋಚ್ ಒಬ್ಬರನ್ನು ಅಫೆನ್ಸಿವ್ ಕೋಆರ್ಡಿನೇಟರ್ (ಓ.ಸಿ., ಅಂದರೆ ಬಾಲ್ ನಮ್ಮ ಕೈಲಿರುವಾಗಿನ ಆಟ, ಅಫೆನ್ಸ್, ನೋಡಿಕೊಳ್ಳುವ ಕೋಚ್) ಆಗಿ ತಗೋಬೇಕಾ, ಬೇಡ್ವಾ. ಎರಡು ಗಂಟೆ ಜಗಳ ಆಯ್ತು. ನಮ್ಮ ಖಜಾಂಚಿ ತುಮಕೂರಿನವನು, ಹದಿನೈದು ವರ್ಷದ ಗೆಳೆಯ. ಅವನೇ ಎದುರು ನಿಂತ. "ಗುರೂ, ಹುಡುಗರು ಅವರ ಮಾತು ಕೇಳಲ್ಲ. ಇನ್ನೊಂದು ಸೀಸನ್ ದುಡ್ಡು ನೀರಿಗೆ ಹಾಕ್ತೀಯ" ಅಂದ. ವೋಟು ಹಾಕಿದಾಗ ನನ್ನ ಕಡೆ ಮೂರು, ಅವನ ಕಡೆ ಎರಡು. ಈಗ ಸೀಸನ್ ಮುಗಿದು ಲೆಕ್ಕವೂ ಮುಗಿದಿದೆ. ಟೆಕ್ಸಾಸ್, ನ್ಯೂಜೆರ್ಸಿ ಕಡೆ ಟೀಮ್‌ಗಳಲ್ಲಿ ಓಡಾಡುವ ನಮ್ಮವರು ಮೂರ್ನಾಲ್ಕು ಜನ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳಿದರು. ಅದಕ್ಕೇ ಒಂದೇ ಸಲ ಬರೆದುಬಿಡ್ತೀನಿ.

ನಮ್ಮದು ಒಹಾಯೊದ ಕೊಲಂಬಸ್ ಹತ್ತಿರ, ದೊಡ್ಡವರು ಆಡುವ ಅಮೆಚೂರ್ ಟೀಮ್. ಹನ್ನೊಂದು ಜನರ, ಎದುರಿನವರನ್ನು ಹಿಡಿದು ಕೆಡವುವ ಪೂರ್ತಿ ಟ್ಯಾಕಲ್ ಆಟ. ಆಟಗಾರರಿಗೆ ನಾವು ಸಂಬಳ ಕೊಡಲ್ಲ, ಅವರೇ ನಮಗೆ ಫೀಸು ಕೊಡ್ತಾರೆ. ವಾರಕ್ಕೆ ಎರಡು ಪ್ರಾಕ್ಟೀಸ್, ಒಂದೊಂದು ಎರಡು ಗಂಟೆ. 45 ಜನರ ಪಟ್ಟಿ ಇದ್ದರೂ ಮಂಗಳವಾರ ಬರೋದು ಮೂವತ್ತು ಜನ. ಉಳಿದವರು ಗೋದಾಮುಗಳಲ್ಲಿ ನೈಟ್ ಶಿಫ್ಟ್. ನಾನು ಮ್ಯಾನೇಜರ್. ಹೆಡ್ ಕೋಚ್ ಡಿಫೆನ್ಸ್ ಮನುಷ್ಯ, ಅಫೆನ್ಸ್‌ಗೆ ಯಾರನ್ನು ತರಬೇಕು ಅನ್ನೋದನ್ನು ನನಗೇ ಬಿಟ್ಟಿದ್ದರು.

2023ರಲ್ಲಿ ನಾನು ತಂದವನಿಗೆ 27 ವರ್ಷ. ಬುದ್ಧಿವಂತ ಹುಡುಗ. ಎನ್‌ಎಫ್‌ಎಲ್ (ಇಲ್ಲಿನ ದೊಡ್ಡ ವೃತ್ತಿಪರ ಲೀಗ್) ವಿಡಿಯೊ ನೋಡಿ ನೋಡಿ ಪ್ಲೇಬುಕ್, ಅಂದರೆ ಆಟದ ತಂತ್ರಗಳ ಪುಸ್ತಕ, ಮಾಡಿದ್ದ. ಅದರಲ್ಲಿ ಸುಮಾರು 140 ಪ್ಲೇ ಇದ್ದವು. ಪೇಪರ್ ಮೇಲೆ ಎಷ್ಟು ಚೆಂದ ಅಂದ್ರೆ ಕಮಿಟಿಯ ಐದೂ ಜನ ಒಪ್ಪಿದ್ದೆವು. ಮೈದಾನಕ್ಕೆ ಇಳಿದರೆ ಒಂದು ಪ್ಲೇ ಹೆಸರು ಹೇಳಲಿಕ್ಕೇ ಹನ್ನೆರಡು ಸೆಕೆಂಡ್. ಅಫೆನ್ಸ್ ನಡೆಸುವ ಆಟಗಾರ, ಕ್ವಾರ್ಟರ್‌ಬ್ಯಾಕ್, ಪ್ಲೇ ಬರೆದ ಮಣಿಕಟ್ಟಿನ ಪಟ್ಟಿ ನೋಡ್ತಾ ನಿಂತಿರುವಾಗ ರೆಫರಿ ಬಾವುಟ ಎಸೀತಿದ್ದರು. ಮ್ಯಾಚಿಗೆ ನಾಲ್ಕೈದು ಸಲ ಡಿಲೇ ಆಫ್ ಗೇಮ್, ಅಂದರೆ ಆಟ ತಡ ಮಾಡಿದ್ದಕ್ಕೆ ದಂಡ. ಹತ್ತು ಮ್ಯಾಚಲ್ಲಿ ಎರಡು ಗೆದ್ದೆವು. ಅವನಿಗೆ ಕೊಟ್ಟಿದ್ದು 3,000 ಡಾಲರ್, ವಿಡಿಯೊ ಆ್ಯಪ್, ಟ್ಯಾಬ್ಲೆಟ್ ಅಂತ ಇನ್ನೊಂದು 1,100.

2024ರಲ್ಲಿ ನಾನು ಇನ್ನೊಂದು ತುದಿಗೆ ಹೋದೆ. ಅನುಭವ ಬೇಕು ಅಂತ 63 ವರ್ಷದ ಒಬ್ಬರನ್ನು ತಂದೆ. ಕಾಲೇಜು ಮಟ್ಟದಲ್ಲಿ ಕೆಲಸ ಮಾಡಿದ್ದವರು, ದೊಡ್ಡ ಹೆಸರು. ಅವರು ಬರುವಾಗಲೇ ದಪ್ಪ ಬೈಂಡರ್ ಹಿಡಿದು ಬಂದರು. 1990ರ ದಶಕದ ಅದೇ ಹಾಳೆಗಳು. ನಮ್ಮ ಹುಡುಗರಲ್ಲಿ ಯಾರಿದ್ದಾರೆ, ಯಾರಿಲ್ಲ ಅಂತ ಒಂದು ಸಲವೂ ಕೇಳಲಿಲ್ಲ. ಐದನೇ ಮ್ಯಾಚ್ ಆದಮೇಲೆ ಅವರೇ ಬಿಟ್ಟು ಹೋದರು. ಒಟ್ಟು ಮೂರು ಗೆಲುವು, ಏಳು ಸೋಲು. ಕಮಿಟಿಯಲ್ಲಿ ಆ ಎರಡು ವಿರೋಧದ ವೋಟು ಬಿದ್ದಿದ್ದು ಇದರಿಂದಲೇ.

ಆದರೆ ನಾನು ಆ ಸೋಲಿನಿಂದ ಕಲಿತಿದ್ದು ಬೇರೆ. ವಯಸ್ಸಾದವರು ಬೇಡ ಅಂತ ಅಲ್ಲ. ಬೈಂಡರ್ ಹಿಡಿದು ಬರುವವರು ಬೇಡ, ಅವರಿಗೆ 27 ಇರಲಿ, 63 ಇರಲಿ. ಹಳಬರನ್ನು ಒಬ್ಬರೇ ಬಿಡಬಾರದು ಅನ್ನೋದು ಇನ್ನೊಂದು. 2017ರಲ್ಲಿ ಎನ್‌ಎಫ್‌ಎಲ್ ಟೀಮ್ ರ‍್ಯಾಮ್ಸ್ 30 ವರ್ಷದ ಶಾನ್ ಮೆಕ್‌ವೇಯನ್ನು ಹೆಡ್ ಕೋಚ್ ಮಾಡಿತು. ಅವರು ಡಿಫೆನ್ಸ್‌ಗೆ ತಂದಿದ್ದು 69 ವರ್ಷದ ವೇಡ್ ಫಿಲಿಪ್ಸ್ ಅವರನ್ನು. ಮರುವರ್ಷದ ಸೀಸನ್‌ನಲ್ಲೇ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ತನಕ ಹೋದರು. ಇನ್ನೊಂದು ಎನ್‌ಎಫ್‌ಎಲ್ ಟೀಮ್ ಬಕನೀರ್ಸ್ 2021ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದಾಗ ಓ.ಸಿ. ಬೈರನ್ ಲೆಫ್ಟ್‌ವಿಚ್‌ಗೆ 41. ಪಕ್ಕದಲ್ಲಿ ಸಲಹೆಗಾರರಾಗಿ ಕೂತಿದ್ದ ಟಾಮ್ ಮೂರ್‌ಗೆ 82! ಹೆಸರಾಂತ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಜೊತೆ ಕೋಲ್ಟ್ಸ್‌ನಲ್ಲಿ ಅಷ್ಟು ವರ್ಷ ಕೆಲಸ ಮಾಡಿದವರು. ನಾನು ಕಮಿಟಿಗೆ ತೋರಿಸಿದ್ದು ಈ ಜೋಡಿಗಳನ್ನೇ.

ಚಿಪ್ ಕೆಲ್ಲಿ ಕಥೆಯನ್ನೂ ಹೇಳಲೇಬೇಕು, ನಮ್ಮೂರಿನದ್ದು. 2025ರ ಜನವರಿ 20ರಂದು ಇಲ್ಲಿನ ಒಹಾಯೊ ಸ್ಟೇಟ್ ಯೂನಿವರ್ಸಿಟಿ ಟೀಮ್ ನೋಟರ್ ಡೇಮನ್ನು 34-23ರಿಂದ ಸೋಲಿಸಿ ಕಾಲೇಜು ಫುಟ್‌ಬಾಲಿನ ನ್ಯಾಷನಲ್ ಚಾಂಪಿಯನ್ ಆಯ್ತು. ಓ.ಸಿ. ಅವರೇ, 61 ವರ್ಷ. ಊರೆಲ್ಲ ಪಟಾಕಿ. ಅಲ್ಲಿಂದ ಎನ್‌ಎಫ್‌ಎಲ್‌ನ ರೇಡರ್ಸ್‌ಗೆ ಹೋದರು. ಅದೇ ನವೆಂಬರಲ್ಲಿ, ಸೀಸನ್ ಮುಗಿಯೋಕೆ ಮುಂಚೆಯೇ ತೆಗೆದುಹಾಕಿದರು. ಹತ್ತು ತಿಂಗಳಲ್ಲಿ ಮನುಷ್ಯನ ತಲೆ ಹಾಳಾಗುತ್ತಾ? ಇಲ್ಲ. ಮುಂದೆ ನಿಂತು ಎದುರಿನವರನ್ನು ತಡೆಯುವ (ಬ್ಲಾಕ್ ಮಾಡುವ) ಐದು ಜನ, ಅಂದರೆ ಲೈನ್, ಬೇರೆ. ಓ.ಸಿ. ವಯಸ್ಸು ನೋಡುವ ಮೊದಲು ನಮ್ಮ ಲೈನ್ ನೋಡ್ಕೋಬೇಕು ಅಂತ ನಾನು ಹೇಳೋದು ಇದಕ್ಕೇ.

ನಮ್ಮ ಕೋಚ್ ಸಿಕ್ಕಿದ್ದು ಒಬ್ಬ ರೆಫರಿ ಮೂಲಕ. ಮೂವತ್ತು ವರ್ಷಕ್ಕಿಂತ ಜಾಸ್ತಿ ಹೈಸ್ಕೂಲಲ್ಲಿ ಗಣಿತ ಪಾಠ ಮಾಡಿ, ಸಂಜೆ ಅಫೆನ್ಸ್ ನೋಡ್ಕೊಂಡಿದ್ದವರು. ನಾನು ಇಂಟರ್‌ವ್ಯೂ ಅಂತ ಕೂರಿಸಲಿಲ್ಲ. ಆಟಗಾರರನ್ನು ಆರಿಸುವ ಟ್ರೈಔಟ್ ದಿನ ಜಿಮ್‌ಗೆ ಕರೆದೆ. ಒಂದು ಮಡಚುವ ಕುರ್ಚಿ ಹಾಕಿಕೊಂಡು ಲೈನಿನ ಪಕ್ಕ ಕೂತರು. ನಲವತ್ತು ನಿಮಿಷ ಬಾಲ್ ಕಡೆ ನೋಡಲೇ ಇಲ್ಲ. ಬರೀ ಗಾರ್ಡ್‌ಗಳ (ಲೈನಿನ ನಡುವಿನವನ ಎರಡೂ ಪಕ್ಕ ನಿಲ್ಲುವವರ) ಕೈ, ಕಾಲು. ಆಮೇಲೆ ನನ್ನನ್ನು ಹತ್ತಿರ ಕರೆದು 64ನೇ ನಂಬರಿನ ಹುಡುಗನನ್ನು ತೋರಿಸಿದರು. "ಅವನ ಬೆರಳು ನೋಡಿ" ಅಂದರು. ಮುಂದಕ್ಕೆ ನುಗ್ಗುವಾಗ ಅವನು ನೆಲಕ್ಕೆ ಊರಿದ ಬೆರಳಿನ ತುದಿ ಭಾರಕ್ಕೆ ಬಿಳಿಚಿಕೊಳ್ತಿತ್ತು. ಪಕ್ಕಕ್ಕೆ ಓಡುವಾಗ ಕೈ ಸುಮ್ನೆ ನೆಲ ಮುಟ್ಟಿಕೊಂಡಿರ್ತಿತ್ತು. ಎದುರಿನವನಿಗೆ ಕಣ್ಣಿದ್ದರೆ ಬಾಲ್ ಬರುವ ಮೊದಲೇ ಪ್ಲೇ ಗೊತ್ತು. ಎರಡು ವರ್ಷ ನಾವು ಸೋತಿದ್ದರಲ್ಲಿ ಆ ಬೆರಳಿನ ಪಾಲು ಎಷ್ಟೋ! ಪ್ಲೇಬುಕ್ ಎಲ್ಲಿ ಅಂತ ನಾನು ಕೇಳಿದೆ. ಹುಡುಗರ ಹೆಸರು ಕಲಿತ ಮೇಲೆ ಬರೀತೀನಿ ಅಂದರು. ಅಲ್ಲಿಗೆ ನನ್ನ ತೀರ್ಮಾನ ಆಗಿಹೋಯ್ತು. ಅವತ್ತು ಅವರಿಗೆ ಮೂರು ಪ್ರಶ್ನೆ ಕೇಳಿದ್ದೆ. ಮೂರನೆಯದನ್ನು ಇಲ್ಲಿ ಬರೆಯಲ್ಲ, ಮುಂದೆಯೂ ಅದು ನನ್ನ ಕೆಲಸಕ್ಕೆ ಬೇಕು.

ದುಡ್ಡಿನ ವಿಷಯ. ನಮ್ಮ ಪೂರ್ತಿ ಬಜೆಟ್ 26,000-27,000 ಡಾಲರ್. ಫೀಸು ತಲೆಗೆ 250, ಅದರಿಂದ 11,000. ಸ್ಪಾನ್ಸರ್‌ಗಳು 8,000. ಉಳಿದಿದ್ದು ಗೇಟ್ ಟಿಕೆಟ್. ಇನ್ಶೂರೆನ್ಸ್‌ಗೇ ನಾಲ್ಕೂವರೆ ಸಾವಿರ ಹೋಗುತ್ತೆ, ಮೈದಾನ ಮತ್ತು ರೆಫರಿಗಳಿಗೆ ಹತ್ತಿರ ಹತ್ತಿರ 8,500. ಕೋಚ್ ಕೇಳಿದ್ದು 2,500 ಮತ್ತು ಪೆಟ್ರೋಲ್. ಅವರ ಪಕ್ಕಕ್ಕೆ 24 ವರ್ಷದ ಹುಡುಗನೊಬ್ಬನನ್ನು 600ಕ್ಕೆ ಇಟ್ಟೆ. ವಿಡಿಯೊ ಕತ್ತರಿಸೋದು, ಆ್ಯಪ್, ಹುಡುಗರ ವಾಟ್ಸ್ಆ್ಯಪ್ ಗುಂಪು ಎಲ್ಲ ಅವನದು. ಇಬ್ಬರೂ ಸೇರಿ 2023ರ ಒಬ್ಬ ಹುಡುಗನ ಖರ್ಚಿಗಿಂತ ಕಡಿಮೆ. ಈ 600 ಡಾಲರ್ ಉಳಿಸಲು ಹೋಗಬೇಡಿ. 2024ರಲ್ಲಿ ಅಂಥ ಒಬ್ಬ ಹುಡುಗ ಇದ್ದಿದ್ದರೆ ಅರ್ಧ ತೊಂದರೆ ತಪ್ಪುತ್ತಿತ್ತು ಅಂತ ಈಗಲೂ ಅನಿಸುತ್ತೆ.

ಕೋಚ್ ತಂದಿದ್ದು ವಿಂಗ್-ಟಿ, ಬಾಲ್ ಎಸೆಯೋದಕ್ಕಿಂತ ಹಿಡಿದು ಓಡೋದೇ ಜಾಸ್ತಿ ಇರುವ ಪದ್ಧತಿ. ಹೌದು, ಡೇವಿಡ್ ನೆಲ್ಸನ್ ಮತ್ತು ಟಬ್ಬಿ ರೇಮಂಡ್ ಡೆಲವೇರ್‌ನಲ್ಲಿ ಬೆಳೆಸಿದ ಅದೇ ಹಳೇ ವಿಂಗ್-ಟಿ. ಬಕ್ ಸ್ವೀಪ್ (ಪಕ್ಕದಿಂದ ಓಟ), ಟ್ರ್ಯಾಪ್ (ನಡುವಿನಿಂದ ಓಟ), ವ್ಯಾಗಲ್ (ಓಟದ ನಾಟಕ ಮಾಡಿ ಎಸೆತ). ಮೂರೂ ಮೊದಲ ಎರಡು ಹೆಜ್ಜೆ ಒಂದೇ ಥರ ಕಾಣುತ್ತೆ, ಗೊತ್ತಲ್ವಾ. ಒಟ್ಟು 18 ಪ್ಲೇ, ಅಷ್ಟೇ. ವಾರಕ್ಕೆ ನಾಲ್ಕು ಗಂಟೆ ಸಿಗುವವರಿಗೆ ಅದಕ್ಕಿಂತ ಜಾಸ್ತಿ ತಲೆಗೆ ಹೋಗಲ್ಲ. ಇದು ಕೇಳಿದ ವಾರದಲ್ಲೇ ಎಸೆದ ಬಾಲ್ ಹಿಡಿಯುವ ಇಬ್ಬರು ರಿಸೀವರ್‌ಗಳು ಟೀಮ್ ಬಿಟ್ಟರು. ಅವರ ಫೀಸು 500 ಹೋಯ್ತು. ಒಬ್ಬ ಸ್ಪಾನ್ಸರ್ ಕೂಡ ಬಾಲ್ ಎಸೆಯದ ಟೀಮಿಗೆ ಜನ ಬರಲ್ಲ ಅಂತ 1,500 ಹಿಂದೆ ತಗೊಂಡರು. ಖಜಾಂಚಿ ನನ್ನ ಜೊತೆ ಎರಡು ವಾರ ಮಾತು ಬಿಟ್ಟ.

ಸ್ವೀಪ್‌ನಲ್ಲಿ ಇಬ್ಬರು ಗಾರ್ಡ್‌ಗಳೂ ಒಟ್ಟಿಗೆ ಪಕ್ಕಕ್ಕೆ ಓಡಬೇಕು. ನಡುವಿನ ಅಂತರ ಕೆಟ್ಟರೆ ಎಲ್ಲ ಕೆಟ್ಟಿತು. ಕೋಚ್ ಇಬ್ಬರ ಸೊಂಟಕ್ಕೂ ಒಂದು ಹಗ್ಗ ಕಟ್ಟಿಸಿದರು. ಹಗ್ಗ ಬಿಗಿಯಾದರೂ ತಪ್ಪು, ನೆಲಕ್ಕೆ ಜೋತರೂ ತಪ್ಪು. ಮಾರ್ಚ್ ಕೊನೆಯ ಚಳಿ, ಹುಲ್ಲಿನ ಮೇಲೆ ಮಂಜು, ಮೊದಲ ದಿನ 64ನೇ ನಂಬರಿನವನು ಆರು ಸಲ ಬಿದ್ದ. ನಾನು ದಾವಣಗೆರೆಯಲ್ಲಿ ಕಾಲೇಜು ಟೀಮಿಗೆ ಕಬಡ್ಡಿ ಆಡಿದವನು. ಎಡಮೂಲೆಯಲ್ಲಿ ಇಬ್ಬರು ಕೈ ಹಿಡಿದು ಕೊಂಡಿ ಹಾಕ್ತೀವಲ್ಲ, ಅದು ನೆನಪಾಯ್ತು. ಹಗ್ಗ ಬಿಚ್ಚಿಸಿ, ಕೈ ಹಿಡಿಸಿ ಓಡಿಸಿ ಅಂದೆ. ಕೈ ಹಿಡಿದರೆ ಪಕ್ಕದವನ ವೇಗ ಅಂಗೈಗೇ ಗೊತ್ತಾಗುತ್ತೆ. ಎರಡನೇ ವಾರಕ್ಕೆ ಇಬ್ಬರೂ ಒಂದೇ ಲಯಕ್ಕೆ ಬಂದರು. ಕೋಚ್ ಹಗ್ಗವನ್ನು ಮಡಚಿ ಬ್ಯಾಗಿಗೆ ಹಾಕಿದರು, ಮತ್ತೆ ತೆಗೆಯಲಿಲ್ಲ. ಇದು ನನ್ನ ಕೊಡುಗೆ ಅಂತ ಹೆಮ್ಮೆಯಿಂದಲೇ ಹೇಳ್ತೀನಿ.

ಕನ್ನಡದ ಪ್ರಯೋಗವೂ ಒಂದು ನಡೆಯಿತು. ಲೈನಿನಲ್ಲಿ ನಿಂತು ಪ್ಲೇ ಬದಲಾಯಿಸಲು ಕನ್ನಡ ಪದ ಇಟ್ಟರೆ ಎದುರಿನವರಿಗೆ ಅರ್ಥ ಆಗಲ್ಲ ಅಂತ ಹೇಳಿದೆ. ಬಲಕ್ಕೆ "ಬಲ", ಟ್ರ್ಯಾಪ್‌ಗೆ "ಬೆಲ್ಲ" ಅಂತ ಇಟ್ಟೆವು. ಗಲಾಟೆಯಲ್ಲಿ ಎರಡೂ ಒಂದೇ ಥರ ಕೇಳಿಸಿ, ಒಬ್ಬ ಗಾರ್ಡ್ ಆ ಕಡೆ, ಇನ್ನೊಬ್ಬ ಈ ಕಡೆ ಓಡಿದರು. ಬಾಲ್ ಕೈತಪ್ಪಿ ಎದುರಾಳಿಗೆ ಸಿಕ್ಕಿ ಟಚ್‌ಡೌನ್ ಆಯ್ತು. ಆಮೇಲೆ "ಉಪ್ಪು", "ಹುಳಿ" ಇಟ್ಟೆವು. ನಮ್ಮ ಕ್ವಾರ್ಟರ್‌ಬ್ಯಾಕ್ ಬಾಯಲ್ಲಿ ಅದು "ಊಪೂ", "ಹೂಲಿ". ಆದರೆ ದೂರಕ್ಕೂ ಬೇರೆ ಬೇರೆ ಕೇಳಿಸುತ್ತೆ. ಸೀಸನ್ ಪೂರ್ತಿ ಕೆಲಸ ಮಾಡಿತು.

ಮೊದಲ ಎರಡು ಮ್ಯಾಚ್ ಸೋತೆವು. ಎರಡನೆಯದರಲ್ಲಿ ಕೋಚ್ ಸೈಡ್‌ಲೈನಲ್ಲಿ ಮೂರು ಗಂಟೆ ನಿಂತು ಮಂಡಿ ಊದಿಸಿಕೊಂಡರು. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ, "ಅಲ್ರೀ, ನಿಮ್ಮಪ್ಪನ ವಯಸ್ಸಿನವರನ್ನ ಚಳಿಯಲ್ಲಿ ಹಾಗೆ ನಿಲ್ಲಿಸ್ತೀರಾ? ಮೇಲೆ ಕೂರಿಸಿ" ಅಂದಳು. ಅದೇ ಸರಿ ಹೋಯ್ತು. ಮೂರನೇ ಮ್ಯಾಚಿಂದ ಅವರನ್ನು ಪ್ರೆಸ್ ಬಾಕ್ಸಿಗೆ ಕಳಿಸಿದೆ. ಮೊದಲು ತಗೊಂಡ ಅಗ್ಗದ ವಾಕಿಟಾಕಿ 180 ಡಾಲರ್ ದಂಡ, ಚಳಿಗೆ ಬ್ಯಾಟರಿ ಸತ್ತಿತು. ಆಮೇಲೆ ಸುಮ್ನೆ ಫೋನ್ ಕಾಲ್, ಜೊತೆಗೊಂದು ಪವರ್ ಬ್ಯಾಂಕ್. ಮೇಲಿಂದ ಅವರು ನಂಬರ್ ಹೇಳ್ತಾರೆ, ಕೆಳಗಿನ 24ರ ಹುಡುಗ ಕೈಸನ್ನೆ ಮಾಡ್ತಾನೆ. ಏಳು ಸೆಕೆಂಡಲ್ಲಿ ಪ್ಲೇ ಒಳಗೆ. ಬಾಕ್ಸಿನ ಎತ್ತರದಿಂದ ಅವರಿಗೆ ಡಿಫೆನ್ಸ್ ಪೂರ್ತಿ ಕಾಣ್ತಿತ್ತು. ಮೊದಲ ಹನ್ನೆರಡು ಪ್ಲೇ ಮುಂಚೆಯೇ ಬರೆದಿಟ್ಟಿರ್ತಿದ್ದರು, ಹಿಂದೆ ಎನ್‌ಎಫ್‌ಎಲ್ ಕೋಚ್ ಬಿಲ್ ವಾಲ್ಷ್ ಮಾಡ್ತಿದ್ದ ಹಾಗೆ. ಅಂಕಕ್ಕಿಂತ ಹೆಚ್ಚಾಗಿ, ಎದುರಿನವರು ಯಾವುದಕ್ಕೆ ಹೇಗೆ ಓಡ್ತಾರೆ ಅಂತ ನೋಡಲು.

ಐದನೇ ಮ್ಯಾಚ್ ಮರೆಯಲ್ಲ. ಮಳೆ. ನಾವು 13, ಅವರು 14, ಉಳಿದಿದ್ದು ಎರಡು ನಿಮಿಷಕ್ಕೂ ಕಡಿಮೆ, ನಾಲ್ಕನೇ ಡೌನ್, ಅಂದರೆ ಕೊನೆಯ ಯತ್ನ, ಮೂರು ಗಜ ಬೇಕು. ಎಲ್ಲರಿಗೂ ಸ್ವೀಪ್ ಬರುತ್ತೆ ಅಂತ ಗೊತ್ತು. ಅವರ ಡಿಫೆನ್ಸಿನಲ್ಲಿ ಲೈನಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ 64ನೇ ನಂಬರಿನವನ ಕೈಯನ್ನೇ ನೋಡ್ತಿದ್ದ. ಜನವರಿಯಿಂದ ಕೋಚ್ ಆ ಹುಡುಗನಿಗೆ ಕಲಿಸಿದ್ದೇ ಇದು: ನುಗ್ಗುವಾಗಲೂ ಕೈ ಹಗುರ. ಕೈ ಹಗುರವಾಗಿಯೇ ಇತ್ತು. ಲೈನ್‌ಬ್ಯಾಕರ್ ಸ್ವೀಪ್ ಅಂತ ಹೊರಕ್ಕೆ ಓಡಿದ. 64 ಅಲ್ಲೇ ನಿಂತು ಮುಂದಕ್ಕೆ ನುಗ್ಗಿದ, ಟ್ರ್ಯಾಪ್ ಸೀಳಿಕೊಂಡು ಹೋಯ್ತು. ಬಾಲ್ ಹಿಡಿದಿದ್ದ ಫುಲ್‌ಬ್ಯಾಕ್ 31 ಗಜ ಓಡಿ ಗೆರೆ ದಾಟಿದ. ಖಜಾಂಚಿ ಕೊಡೆ ಎಸೆದು ಬಂದು ನನ್ನನ್ನು ತಬ್ಬಿಕೊಂಡ. ಮೇಲೆ ನೋಡಿದರೆ ಕೋಚ್ ಆಗಲೇ ಟಚ್‌ಡೌನ್ ಆದಮೇಲಿನ ಹೆಚ್ಚುವರಿ ಎರಡು ಪಾಯಿಂಟಿನ ಪ್ಲೇ ಬರೀತಾ ಇದ್ದರು.

ಸೀಸನ್ ಮುಗಿದಾಗ ಏಳು ಗೆಲುವು, ಮೂರು ಸೋಲು. ಸೆಮಿಫೈನಲ್‌ನಲ್ಲಿ ಆರು ಪಾಯಿಂಟಿಗೆ ಸೋತೆವು. 2023ರಲ್ಲಿ ಮ್ಯಾಚಿಗೆ 11 ಪಾಯಿಂಟ್ ಬರ್ತಿತ್ತು, ಈಗ 24ರ ಆಸುಪಾಸು. ಡಿಲೇ ಆಫ್ ಗೇಮ್ ಇಡೀ ಸೀಸನ್‌ಗೆ ಐದೋ ಆರೋ. ಗೇಟಿನಲ್ಲಿ ಜನ 120ರಿಂದ 170ಕ್ಕೆ ಏರಿದರು, ಆ ಸ್ಪಾನ್ಸರ್ ಆಗಸ್ಟಲ್ಲಿ ತಾನಾಗೇ ವಾಪಸ್ ಬಂದರು. ವ್ಯಾಗಲ್ ಯಾವಾಗ ಕರೀತೀವಿ ಅನ್ನೋದಕ್ಕೆ ನಮ್ಮದೊಂದು ಗುರುತು ಇದೆ. ಅದನ್ನು ಕೇಳಬೇಡಿ, ನಮ್ಮ ಎದುರಾಳಿಗಳಲ್ಲೂ ಕನ್ನಡ ಓದುವವರು ಇದ್ದಾರು.

ಕೋಚ್ ಮುಂದಿನ ಸೀಸನ್‌ಗೂ ಒಪ್ಪಿದ್ದಾರೆ. ದುಡ್ಡು ಅಷ್ಟೇ ಸಾಕು ಅಂದರು, ಬದಲಿಗೆ 24ರ ಹುಡುಗನಿಗೆ 600 ಅಲ್ಲ, 1,000 ಕೊಡಿ ಅಂದರು. ಕಮಿಟಿಯಲ್ಲಿ ಈ ಸಲ ವೋಟೇ ಬೇಕಾಗಲಿಲ್ಲ. ಜನವರಿಯ ಮೂರನೇ ಶನಿವಾರಕ್ಕೆ ಜಿಮ್ ಬುಕ್ ಆಗಿದೆ. ಆ ಮಡಚುವ ಕುರ್ಚಿಯನ್ನು ಖಜಾಂಚಿ ಈಗಲೇ ತನ್ನ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದಾನೆ.