ವಿಯೆನ್ನಾ ಸಮ್ಮೇಳನಕ್ಕೆ ಹೊರಡುವ ಮುನ್ನ: ವೀಸಾದಿಂದ ಪೋಸ್ಟರ್‌ವರೆಗೆ

ಯುರೋಪಿನ ಭೂವಿಜ್ಞಾನಗಳ ಒಕ್ಕೂಟವಾದ ಇಜಿಯು ತನ್ನ ವಾರ್ಷಿಕ ಮಹಾಸಮ್ಮೇಳನವನ್ನು ಏಪ್ರಿಲ್ ತಿಂಗಳಿನಲ್ಲಿ ಇಲ್ಲವೇ ಮೇ ಆರಂಭದಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ನಡೆಸುತ್ತದೆ. ಮುಂಗಾರು, ಅಂತರ್ಜಲ, ಭೂಕುಸಿತಗಳ ಬಗ್ಗೆ ಕೆಲಸ ಮಾಡುವ ನಮ್ಮ ಸಂಶೋಧಕರಿಗೂ ಅಲ್ಲಿ ವೇದಿಕೆ ಸಿಗುತ್ತದೆ. ಪ್ರಬಂಧದ ಸಾರಾಂಶ ಸ್ವೀಕೃತವಾದ ಸುದ್ದಿ ಬಂದೊಡನೆ ಹೆಚ್ಚಿನವರು ವಿಮಾನದ ಟಿಕೆಟ್ ದರ ನೋಡಲು ಕುಳಿತುಬಿಡುತ್ತಾರೆ. ಅದಕ್ಕಿಂತ ಮೊದಲು ವೀಸಾ ಕೇಂದ್ರದ ಅಪಾಯಿಂಟ್‌ಮೆಂಟ್ ಹಿಡಿಯಬೇಕು; ಉಳಿದ ಕೆಲಸಗಳೆಲ್ಲ ಆ ದಿನಾಂಕವನ್ನೇ ಅವಲಂಬಿಸಿವೆ.

ಆಸ್ಟ್ರಿಯಾಕ್ಕೆ ಬೇಕಾಗಿರುವುದು ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಇದಕ್ಕೆ ಅರ್ಜಿ ಹಾಕಬಹುದು. ಕಡೇಪಕ್ಷ 15 ದಿನ ಮೊದಲಾದರೂ ಹಾಕಲೇಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನಗಳವರೆಗೂ ಹೋಗಬಹುದು. ಬೇಸಿಗೆ ರಜೆಯ ಪ್ರವಾಸಿಗರೂ ಅದೇ ಹೊತ್ತಿಗೆ ಸರತಿಯಲ್ಲಿ ಸೇರಿಕೊಳ್ಳುವುದರಿಂದ, ಸಮ್ಮೇಳನಕ್ಕೆ ಎರಡೂವರೆ ತಿಂಗಳಿಗಿಂತ ಕಡಿಮೆ ಅವಧಿ ಇಟ್ಟುಕೊಳ್ಳುವುದು ಜಾಣತನವಲ್ಲ. ಸಾರಾಂಶ ಸಲ್ಲಿಸುವ ಕೊನೆಯ ದಿನ ಸಾಮಾನ್ಯವಾಗಿ ಜನವರಿಯಲ್ಲಿರುತ್ತದೆ. ಆಗಲೇ ಪಾಸ್‌ಪೋರ್ಟ್ ತೆಗೆದು ನೋಡಿ. ಅದು ಕಳೆದ ಹತ್ತು ವರ್ಷಗಳೊಳಗೆ ನೀಡಿದ್ದಾಗಿರಬೇಕು, ಹಿಂತಿರುಗುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟಗಳಾದರೂ ಖಾಲಿ ಇರಬೇಕು.

ಸಮ್ಮೇಳನದ ಜೊತೆಗೆ ಜರ್ಮನಿಯಲ್ಲೋ ಇಟಲಿಯಲ್ಲೋ ಕೆಲವು ದಿನ ಕಳೆಯುವ ಯೋಚನೆಯಿದ್ದರೆ, ಹೆಚ್ಚು ದಿನ ಎಲ್ಲಿ ತಂಗುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕೆಂಬ ನಿಯಮ ನೆನಪಿರಲಿ. ವಯಸ್ಕರ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಅದರ ಮೇಲೆ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ನಿರಾಕರಣೆಯಾದರೂ ಈ ಹಣ ವಾಪಸು ಬರುವುದಿಲ್ಲ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿದ್ದು, ಎಲ್ಲ ಷೆಂಗೆನ್ ದೇಶಗಳಿಗೂ ನೀವು ಅಲ್ಲಿರುವ ಎಲ್ಲ ದಿನಗಳಿಗೂ ಅನ್ವಯಿಸಬೇಕು.

ಕಾಗದಪತ್ರಗಳ ಸಂಖ್ಯೆಗಿಂತ ಅವು ಒಂದಕ್ಕೊಂದು ತಾಳೆಯಾಗುವುದು ಮುಖ್ಯ. ಆಹ್ವಾನ ಪತ್ರ, ಸಂಸ್ಥೆಯ ನಿರಾಕ್ಷೇಪಣಾ ಪತ್ರ, ರಜೆ ಮಂಜೂರಾತಿ, ಹೋಟೆಲ್ ಬುಕಿಂಗ್, ವಿಮೆ ಎಲ್ಲವೂ ಒಂದೇ ದಿನಾಂಕಗಳನ್ನು ಹೇಳಬೇಕು. ಖರ್ಚನ್ನು ಯಾರು ಭರಿಸುತ್ತಾರೆ ಎಂಬುದು ನಿರಾಕ್ಷೇಪಣಾ ಪತ್ರದಲ್ಲಿ ಸ್ಪಷ್ಟವಾಗಿರಬೇಕು. ಸಂಶೋಧನಾ ವಿದ್ಯಾರ್ಥಿಗಳು ಶಿಷ್ಯವೇತನದ ಆದೇಶವನ್ನೂ ಬ್ಯಾಂಕ್ ಖಾತೆಯ ವಿವರವನ್ನೂ ಜೊತೆಗಿಡಬೇಕು. ವೀಸಾ ಕೈಸೇರುವ ತನಕ ರದ್ದುಪಡಿಸಲಾಗದ ಟಿಕೆಟ್ ಕೊಳ್ಳಬೇಡಿ.

ನಮ್ಮ ಕಡೆಯವರಿಗೆ ಇಲ್ಲಿ ಹೆಸರಿನದೇ ಒಂದು ತೊಡಕು ಇದೆ. ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ.ಆರ್.’ ಎಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್‌ಗಳು ಊರಿನ ಹೆಸರು, ತಂದೆಯ ಹೆಸರಾಗಿ ಬಿಡಿಸಿಕೊಂಡಿರುತ್ತವೆ ಅಥವಾ ಉಪನಾಮದ ಜಾಗವೇ ಖಾಲಿ ಇರುತ್ತದೆ. ಪ್ರಬಂಧದ ಮೇಲೆ ನಿಮ್ಮ ಹೆಸರು ಹೇಗೇ ಇರಲಿ, ಸಮ್ಮೇಳನದ ನೋಂದಣಿ, ಆಹ್ವಾನ ಪತ್ರ, ಟಿಕೆಟ್, ವಿಮೆಗಳಲ್ಲಿ ಮಾತ್ರ ಪಾಸ್‌ಪೋರ್ಟಿನಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ಬರೆಸಿ. ನೋಂದಣಿಯ ದಿನವೇ ಇದನ್ನು ನೋಡಿಕೊಂಡರೆ ಮುಂದೆ ತಿದ್ದುಪಡಿಗಾಗಿ ಅಲೆಯುವುದು ತಪ್ಪುತ್ತದೆ.

ಟಿಕೆಟ್ ವಿಷಯಕ್ಕೆ ಬಂದರೆ, ಕೇಂದ್ರ ಸರ್ಕಾರದ ಹಣದಲ್ಲಿ ಹೋಗುವವರು ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರು ಅಧಿಕೃತ ಟಿಕೆಟ್ ಸಂಸ್ಥೆಗಳಲ್ಲಿ ಒಂದರ ಮೂಲಕವೇ ಕೊಳ್ಳಬೇಕು. ಫ್ರಾಂಕ್‌ಫರ್ಟ್ ಮಾರ್ಗವಾಗಿ ಹೋದರೆ ವಲಸೆ ತಪಾಸಣೆ ವಿಯೆನ್ನಾದಲ್ಲಿ ಅಲ್ಲ, ಷೆಂಗೆನ್ ಪ್ರವೇಶಿಸುವ ಮೊದಲ ನಿಲ್ದಾಣವಾದ ಫ್ರಾಂಕ್‌ಫರ್ಟಿನಲ್ಲೇ ನಡೆಯುತ್ತದೆ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಹೊಸ ವ್ಯವಸ್ಥೆಯಲ್ಲಿ ಪ್ರಯಾಣಿಕರ ಬೆರಳಚ್ಚು, ಭಾವಚಿತ್ರಗಳನ್ನು ಗಡಿಯಲ್ಲೇ ದಾಖಲಿಸಿಕೊಳ್ಳುವುದರಿಂದ ಸಾಲು ಉದ್ದವಾಗುತ್ತದೆ. ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಬಿಡುವಿರಲಿ. ಆಹ್ವಾನ ಪತ್ರ ಮತ್ತು ಹೋಟೆಲ್ ಬುಕಿಂಗ್ ಕೈಚೀಲದಲ್ಲೇ ಇರಬೇಕು, ಲಗೇಜಿನಲ್ಲಿ ಅಲ್ಲ.

ನಿಮ್ಮ ಸಂಶೋಧನೆಯನ್ನು ವಿವರಿಸುವ ಪೋಸ್ಟರ್ ಮುದ್ರಿಸುವ ಮುಂಚೆ ಅದನ್ನು ಅಂಟಿಸುವ ಬೋರ್ಡಿನ ಅಳತೆ ನೋಡಿ. ಇಜಿಯು ಬೋರ್ಡು ಅಡ್ಡಲಾಗಿ 197 ಸೆಂ.ಮೀ. ಅಗಲ, 100 ಸೆಂ.ಮೀ. ಎತ್ತರ ಇರುತ್ತದೆ. ನಮ್ಮಲ್ಲಿ ರೂಢಿಯಲ್ಲಿರುವ ಉದ್ದಕ್ಕೆ ನಿಂತ ಎ0 ಪೋಸ್ಟರಿನ ಎತ್ತರ 118.9 ಸೆಂ.ಮೀ.; ಅದು ಬೋರ್ಡಿನಿಂದ ಕೆಳಗೆ ಇಳಿಬೀಳುತ್ತದೆ. ಅದೇ ಎ0 ಅನ್ನು ಅಡ್ಡಲಾಗಿ ವಿನ್ಯಾಸ ಮಾಡಿದರೆ ಸರಾಗವಾಗಿ ಕೂರುತ್ತದೆ. ಬಟ್ಟೆಯ ಮೇಲೆ ಮುದ್ರಿಸಿದರೆ ಅಂಗಿಯಂತೆ ಮಡಚಿ ಚೀಲದಲ್ಲಿಡಬಹುದು, ಕೊಳವೆ ಹೊತ್ತು ವಿಮಾನ ಬದಲಿಸುವ ಪಾಡು ಇರುವುದಿಲ್ಲ.

ತಿಂಡಿ ಕಟ್ಟುವಾಗಲೂ ಎಚ್ಚರ ಬೇಕು. ಹಾಲು ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಹೊರಗಿನಿಂದ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಹೀಗಾಗಿ ಧಾರವಾಡ ಪೇಡೆ, ತುಪ್ಪದ ಡಬ್ಬಿ ಮನೆಯಲ್ಲೇ ಉಳಿಯಲಿ; ಹಸಿ ಸೊಪ್ಪಿಗೂ ನಿರ್ಬಂಧವಿರುವುದರಿಂದ ಕರಿಬೇವೂ ಬೇಡ. ಚಟ್ನಿಪುಡಿ, ಅವಲಕ್ಕಿಗೆ ತೊಂದರೆಯಿಲ್ಲ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಹಿಡಿಯುವುದಿಲ್ಲವಾದ್ದರಿಂದ ಅಡಾಪ್ಟರ್ ಒಯ್ಯಿರಿ.

ವಿಯೆನ್ನಾದಲ್ಲಿ ಇಳಿದ ಮೇಲೆ ಹಸಿರು ಬಣ್ಣದ ದುಬಾರಿ ವಿಮಾನ ನಿಲ್ದಾಣ ರೈಲಿನ ಫಲಕಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಎಸ್7 ಎಂಬ ಉಪನಗರ ರೈಲು ಅದಕ್ಕಿಂತ ಕೆಲವೇ ನಿಮಿಷ ಹೆಚ್ಚು ತೆಗೆದುಕೊಂಡು, ಬಹಳ ಕಡಿಮೆ ದರದಲ್ಲಿ ನಗರಕ್ಕೆ ಕರೆದೊಯ್ಯುತ್ತದೆ. ಸಮ್ಮೇಳನ ನಡೆಯುವ ಆಸ್ಟ್ರಿಯಾ ಸೆಂಟರ್‌ಗೆ ಯು1 ಮೆಟ್ರೊ ಹಿಡಿದು ಕೈಸರ್‌ಮ್ಯೂಲೆನ್ ನಿಲ್ದಾಣದಲ್ಲಿ ಇಳಿದರೆ ನಾಲ್ಕು ಹೆಜ್ಜೆ. ಅಲ್ಲಿನ ಮೆಟ್ರೊದಲ್ಲಿ ಗೇಟುಗಳಿಲ್ಲ. ಕಾಗದದ ಟಿಕೆಟನ್ನು ಪ್ರವೇಶದಲ್ಲಿರುವ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಹಾಕಿಸದೆ ತಪಾಸಣೆಯವರಿಗೆ ಸಿಕ್ಕರೆ ನೂರು ಯೂರೋಗಿಂತ ಹೆಚ್ಚು ದಂಡ ತೆರಬೇಕಾಗುತ್ತದೆ.

ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ. ಸಮ್ಮೇಳನದ ವಾರದಲ್ಲಿ ಕೆಲವೊಮ್ಮೆ ಮೇ 1ರ ರಜೆಯೂ ಬರುತ್ತದೆ, ಆ ದಿನವೂ ಬಾಗಿಲು ತೆರೆಯುವುದಿಲ್ಲ. ದೊಡ್ಡ ರೈಲು ನಿಲ್ದಾಣಗಳ ಒಳಗಿನ ಅಂಗಡಿಗಳು ಮಾತ್ರ ತೆರೆದಿರುತ್ತವೆ, ಹಾಗಾಗಿ ಶನಿವಾರವೇ ಸಾಮಾನು ಕೊಂಡಿಟ್ಟುಕೊಳ್ಳಿ. ನೀರಿಗೆ ಹಣ ಸುರಿಯಬೇಕಾಗಿಲ್ಲ: 1873ರಿಂದ ಆಲ್ಪ್ಸ್ ತಪ್ಪಲಿನ ಚಿಲುಮೆಗಳ ನೀರನ್ನು ಕೊಳವೆಯಲ್ಲಿ ತರಿಸುತ್ತಿರುವ ಆ ನಗರದಲ್ಲಿ ನಲ್ಲಿ ನೀರನ್ನೇ ನಿಶ್ಚಿಂತೆಯಿಂದ ಕುಡಿಯಬಹುದು. ತುರ್ತು ಸಂದರ್ಭಕ್ಕೆ 112, ಆಂಬುಲೆನ್ಸ್‌ಗೆ 144.

ಹೊರಡುವ ದಿನ ಭಾಗವಹಿಸಿದ ಪ್ರಮಾಣಪತ್ರ, ನೋಂದಣಿ ಶುಲ್ಕದ ರಸೀದಿ, ಹೋಟೆಲ್ ಬಿಲ್ ಒಂದೇ ಲಕೋಟೆಯಲ್ಲಿ ಸೇರಿಸಿ. ಹೋಗುವಾಗಿನ, ಬರುವಾಗಿನ ಎಲ್ಲ ಬೋರ್ಡಿಂಗ್ ಪಾಸ್‌ಗಳನ್ನೂ ಫೋಟೊ ತೆಗೆದಿಟ್ಟುಕೊಂಡು ಮೂಲ ಪ್ರತಿಗಳನ್ನು ಅದೇ ಲಕೋಟೆಗೆ ಹಾಕಿ. ಊರಿಗೆ ಬಂದು ಲೆಕ್ಕಪತ್ರ ಸಲ್ಲಿಸುವಾಗ ಹಣಕಾಸು ವಿಭಾಗದವರು ಸಾಮಾನ್ಯವಾಗಿ ಮೊದಲು ಕೇಳುವುದೇ ಅವನ್ನು.