ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಶನಿವಾರ, ಭಾನುವಾರ

ಬುಧವಾರ ರಾತ್ರಿ ಎಂಟು ಗಂಟೆಗೆ ನಾನು ಪಟ್ಟಿ ಮುಚ್ಚುತ್ತಿದ್ದೆ. ಶುಕ್ರವಾರ ಸಂಜೆ ಹೊರಡುವ ಇಪ್ಪತ್ತೆರಡು ಜನರ ಹೆಸರು, ಯಾರಿಗೆ ಯಾವ ತಿಂಡಿ ಆಗಿಬರುವುದಿಲ್ಲ, ಯಾರ ಹತ್ತಿರ ಬೂಟಿಲ್ಲ, ಮನೆಯವರ ಫೋನ್ ನಂಬರು ಎಲ್ಲ ಆ ಪಟ್ಟಿಯಲ್ಲಿ. ಗ್ಲಾಸ್ಗೋದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡುವಾಗ ಅಲ್ಲಿನ ವಿದ್ಯಾರ್ಥಿಗಳ ಗುಡ್ಡ ಹತ್ತುವ ಕ್ಲಬ್ಬಿಗೆ ಸೇರಿದ್ದೆ. ಎರಡನೆಯ ವರ್ಷ ವಾರಾಂತ್ಯದ ಪ್ರವಾಸಗಳ ಉಸ್ತುವಾರಿ ನನ್ನ ಪಾಲಿಗೆ ಬಂತು. ಅದನ್ನು ಹೇಗೆ ಮಾಡಿದೆ, ಎಲ್ಲಿ ತಪ್ಪಿದೆ ಎಂಬುದನ್ನು ಅಲ್ಲಿಗೆ ಓದಲು ಹೋಗುವ ನಮ್ಮ ಹುಡುಗ ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವಳು. ಮಳೆ, ಗುಡ್ಡ, ಇಂಬಳ ನನಗೆ ಹೊಸತಲ್ಲ. ಅಲ್ಲಿನ ಎತ್ತರಗಳನ್ನು ಕೇಳಿದಾಗ ಇದೇನು ಮಹಾ ಅನ್ನಿಸಿದ್ದೂ ನಿಜ. ಬ್ರಿಟನ್ನಿಗೇ ಎತ್ತರದ ಬೆನ್ ನೆವಿಸ್ 1345 ಮೀಟರ್, ನಮ್ಮ ಮುಳ್ಳಯ್ಯನಗಿರಿ 1930. ಆದರೆ ಬೆನ್ ನೆವಿಸ್ ಹತ್ತುವುದು ಹೆಚ್ಚುಕಡಿಮೆ ಸಮುದ್ರಮಟ್ಟದಿಂದ, ಮೇಲೆ ಹೋದಂತೆ ಒಂದು ಮರವೂ ಇರುವುದಿಲ್ಲ. ಗಾಳಿ ಬೀಸಿದರೆ ಮರೆಗೆ ನಿಲ್ಲಲು ಜಾಗವಿಲ್ಲ. ನಮ್ಮಲ್ಲಿ ಮಳೆಯಲ್ಲಿ ತೋಯ್ದರೆ ಮನೆಗೆ ಬಂದು ಬಚ್ಚಲ ಒಲೆಯ ಮುಂದೆ ಕೂರುತ್ತೇವೆ. ಅಲ್ಲಿ ಅಕ್ಟೋಬರಿನಲ್ಲಿ ಜೀನ್ಸ್ ಹಾಕಿಕೊಂಡು ತೋಯ್ದವರಿಗೆ ಅರ್ಧ ಗಂಟೆಯಲ್ಲಿ ನಡುಕ ಶುರುವಾಗಿದ್ದನ್ನು ಕಂಡಿದ್ದೇನೆ. ಹತ್ತಿ ಬಟ್ಟೆ ಒದ್ದೆಯಾದರೆ ಮೈಯ ಶಾಖವನ್ನೆಲ್ಲ ಹೀರುತ್ತದೆ. ಉಣ್ಣೆ ಹಾಗಲ್ಲ. ಕಂಬಳಿಕೊಪ್ಪೆ ಹಾಕಿ ಗದ್ದೆ ನಟ್ಟ ನಮ್ಮ ಅಜ್ಜಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಅಲ್ಲಿನವರ ಬಾಯಲ್ಲಿ ಸದಾ ಕೇಳುವ ಮಾತು ‘ಮನ್ರೋ’. ಸರ್ ಹ್ಯೂ ಮನ್ರೋ ಎಂಬುವವರು 1891ರಲ್ಲಿ ಸ್ಕಾಟ್ಲೆಂಡಿನ 3000 ಅಡಿಗೂ ಎತ್ತರದ ಬೆಟ್ಟಗಳ ಪಟ್ಟಿ ಪ್ರಕಟಿಸಿದರು. ಈಗಿನ ಲೆಕ್ಕದಲ್ಲಿ ಅವು 282. ಒಂದೊಂದನ್ನೇ ಹತ್ತಿ ಗುರುತು ಹಾಕಿಕೊಳ್ಳುವುದು ಅಲ್ಲಿ ದೊಡ್ಡ ಹುಚ್ಚು. ನನ್ನ ಲೆಕ್ಕ ನಲವತ್ತೊಂದಕ್ಕೆ ನಿಂತಿದೆ.

ಒಂದು ವಾರಾಂತ್ಯದ ಕೆಲಸ ನಾಲ್ಕೈದು ತಿಂಗಳ ಮೊದಲೇ ಶುರು. ಬೇರೆ ಬೇರೆ ಪರ್ವತಾರೋಹಿ ಸಂಘಗಳಿಗೆ ಬೆಟ್ಟದ ಬುಡದಲ್ಲಿ ಸ್ವಂತ ಗುಡಿಸಲುಗಳಿವೆ. ಹೆಸರಿಗೆ ಗುಡಿಸಲು, ನಿಜದಲ್ಲಿ ಕಲ್ಲಿನ ಗಟ್ಟಿ ಮನೆ. ಒಳಗೆ ಉದ್ದಕ್ಕೆ ಹಲಗೆ ಹಾಸು, ಒಲೆ, ಬಟ್ಟೆ ಒಣಗಿಸುವ ಕೋಣೆ ಇರುತ್ತವೆ. ಅವನ್ನು ಬೇಸಿಗೆಯಲ್ಲೇ ಕಾದಿರಿಸದಿದ್ದರೆ ನವೆಂಬರಿಗೆ ಸಿಗುವುದಿಲ್ಲ. ಗುಡಿಸಲು ಸಿಗದಿದ್ದರೆ ಬಾಥಿ. ಇದು ಬೆಟ್ಟದ ನಡುವಿನ ಹಳೆಯ ಮನೆ, ಬಾಗಿಲು ಯಾರಿಗೂ ತೆರೆದೇ ಇರುತ್ತದೆ, ಬಾಡಿಗೆ ಇಲ್ಲ, ಕರೆಂಟಿಲ್ಲ, ನಲ್ಲಿಯಿಲ್ಲ. 1965ರಲ್ಲಿ ಹುಟ್ಟಿದ ಮೌಂಟನ್ ಬಾಥೀಸ್ ಅಸೋಸಿಯೇಷನ್ ಇಂಥ ಸುಮಾರು ನೂರು ಮನೆಗಳನ್ನು ಸ್ವಯಂಸೇವಕರ ಕೈಯಿಂದಲೇ ನೋಡಿಕೊಳ್ಳುತ್ತದೆ. ಶೌಚಕ್ಕೆ ಗೋಡೆಗೊರಗಿಸಿದ ಗುದ್ದಲಿ ಹಿಡಿದು ದೂರ ಹೋಗಬೇಕು. ಹೊಸಬರನ್ನು ಮೊದಲ ಸಲವೇ ಬಾಥಿಗೆ ಕರೆದೊಯ್ಯಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವರಿಗೆ ಬೆಚ್ಚಗಿನ ಒಂದು ರಾತ್ರಿ ಸಿಕ್ಕರೆ ಎರಡನೆಯ ಸಲವೂ ಬರುತ್ತಾರೆ.

ಗುರುವಾರ ಹವಾಮಾನ ನೋಡಿ ದಾರಿ ನಿರ್ಧಾರ. ಬೆಟ್ಟಗಳಿಗೆಂದೇ ಬೇರೆ ಮುನ್ಸೂಚನೆ ಬರುತ್ತದೆ: 900 ಮೀಟರಿನಲ್ಲಿ ಗಾಳಿ ಎಷ್ಟು, ತುದಿಗೆ ಮೋಡ ಕವಿದಿರುತ್ತದೆಯೇ. ಆಮೇಲೆ ಸಮಯದ ಲೆಕ್ಕ. ನೇಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ 1892ರಲ್ಲಿ ಹಾಕಿಕೊಟ್ಟ ಸೂತ್ರ ಇವತ್ತಿಗೂ ನಡೆಯುತ್ತದೆ. ಐದು ಕಿಲೋಮೀಟರಿಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಹೊಸಬರಿದ್ದರೆ ನಾನು ಅದಕ್ಕೆ ಅರ್ಧದಷ್ಟು ಸೇರಿಸುತ್ತಿದ್ದೆ. ನವೆಂಬರಿನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನಾದ್ದರಿಂದ, ಎಲ್ಲೇ ಇರಲಿ, ಇಷ್ಟು ಗಂಟೆಗೆ ವಾಪಸ್ ತಿರುಗುವುದು ಎಂದು ಮೊದಲೇ ಬರೆದಿಡುತ್ತಿದ್ದೆ. ದಾರಿ, ಹೆಸರು, ಮರಳುವ ಹೊತ್ತು ಬರೆದ ಹಾಳೆಯ ಒಂದು ಪ್ರತಿ ಗ್ಲಾಸ್ಗೋದಲ್ಲೇ ಉಳಿದ ಒಬ್ಬರ ಹತ್ತಿರ ಇರುತ್ತಿತ್ತು.

ಈಗ ನನ್ನ ತಪ್ಪಿನ ವಿಷಯ.

ಬ್ರಿಜ್ ಆಫ್ ಆರ್ಕಿ ಎಂಬ ಪುಟ್ಟ ರೈಲು ನಿಲ್ದಾಣದ ಬೆನ್ನಿಗೇ ದಾರಿ ಮೇಲೇರುತ್ತದೆ. ಮೇಲೆ ಎರಡು ಮನ್ರೋಗಳು, ದಕ್ಷಿಣಕ್ಕೆ 1076 ಮೀಟರಿನ ಬೆನ್ ಡೋರನ್, ಉತ್ತರಕ್ಕೆ ಬೆನ್ ಅನ್ ಡೋಯಿ. ನಡುವಿನ ತಗ್ಗಿಗೆ ಗೇಲಿಕ್ ಭಾಷೆಯಲ್ಲಿ ಬ್ಯಾಲಖ್ ಅನ್ನುತ್ತಾರೆ. ನವೆಂಬರಿನ ಮೊದಲ ಶನಿವಾರ ಇಪ್ಪತ್ತೆರಡು ಜನರಲ್ಲಿ ನಾವು ಒಂಬತ್ತು ಜನ ಬೆನ್ ಡೋರನ್ನಿಗೆ ಹೊರಟೆವು. ನಮ್ಮಲ್ಲಿ ಮುಂದೆ ಒಬ್ಬರು ದಾರಿ ನೋಡುವವರು, ಕೊನೆಯಲ್ಲಿ ಒಬ್ಬರು ಯಾರೂ ಹಿಂದೆ ಬೀಳದಂತೆ ನೋಡುವವರು ಇರುತ್ತಾರೆ. ಅವತ್ತು ಕೊನೆಯವಳು ನಾನು. ನನ್ನ ಮುಂದೆ ಹುಬ್ಬಳ್ಳಿಯಿಂದ ಎಂ.ಎಸ್ಸಿ.ಗೆ ಬಂದ ಹುಡುಗಿ, ಬೆಟ್ಟ ಹತ್ತುವುದು ಅವಳಿಗೆ ಅದೇ ಮೊದಲು. ಕಡಿದಾದ ಜಾಗದಲ್ಲಿ ಕಲ್ಲಿನ ಮೇಲೆ ಕೂತುಬಿಟ್ಟಳು.

“ಅಕ್ಕಾ, ನನ್ನಿಂದ ಎಲ್ಲಾರಿಗೂ ತಡಾ ಆಗಾಕತ್ತೈತ್ರಿ. ನೀವು ಮುಂದ ಹೋಗ್ರಿ.”

“ಕೊನೆಯವಳು ನಾನು ಮಾರಾಯ್ತಿ. ನಿನ್ನ ಬಿಟ್ಟು ಮುಂದೆ ಹೋದ್ರೆ ನನ್ನ ಕೆಲಸವೇ ಮುಗೀತಲ್ಲ. ಕೂತ್ಕೋ, ಖರ್ಜೂರ ತಿನ್ನು.”

ಬೆನ್ ಡೋರನ್ ತುದಿಯಲ್ಲಿ ಒಂದು ಮೋಸವಿದೆ. ದೊಡ್ಡ ಕಲ್ಲುಗುಪ್ಪೆ ಕಂಡು ಮುಗಿಯಿತು ಅಂದುಕೊಳ್ಳುತ್ತೇವೆ, ನಿಜವಾದ ತುದಿ ಇನ್ನೂ ಇನ್ನೂರು ಮೀಟರ್ ಆಚೆಗಿದೆ. ಮಂಜು ಮುಸುಕಿದಾಗ ಅಲ್ಲಿಂದಲೇ ಮರಳಿದವರು ಬಹಳ. ನಾವು ಅದನ್ನು ದಾಟಿ ತುದಿ ಮುಟ್ಟಿದೆವು. ಮರಳುವಾಗ ಇಬ್ಬರು ಗಟ್ಟಿಮುಟ್ಟಾದ ಹುಡುಗರು, ಚಳಿಯಾಗ್ತಿದೆ, ನಾವು ಮುಂದೆ ಹೋಗಿ ಬ್ಯಾಲಖ್‌ನಲ್ಲಿ ಕಾಯುತ್ತೇವೆ ಅಂದರು. ನಾನು ಆಗಲಿ ಅಂದೆ.

ಬ್ಯಾಲಖ್‌ಗೆ ಬಂದು ಎಣಿಸಿದರೆ ಏಳು ಜನ. ಕೂಗಿದೆವು, ಸೀಟಿ ಊದಿದೆವು. ಹತ್ತು ಹೆಜ್ಜೆ ಆಚೆಗೆ ಏನೂ ಕಾಣುತ್ತಿರಲಿಲ್ಲ. ಅಲ್ಲಿಂದ ರೈಲು ನಿಲ್ದಾಣಕ್ಕೆ ಎಡಕ್ಕೆ, ಅಂದರೆ ಪಶ್ಚಿಮಕ್ಕೆ ಇಳಿಯಬೇಕು. ಬಲಕ್ಕೆ ಇಳಿದರೆ ಮನೆಮಠವಿಲ್ಲದ ಇನ್ನೊಂದು ಕಣಿವೆ. ಇಬ್ಬರೂ ಬಲಕ್ಕೆ ಇಳಿದಿದ್ದರು. ಒಬ್ಬನ ಜೇಬಿನಲ್ಲಿ ದಿಕ್ಸೂಚಿ ಇತ್ತು, ಹೊರಗೆ ತೆಗೆದಿರಲಿಲ್ಲ. ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಮೇಲೆ ಕಿತ್ತಳೆ ಬಣ್ಣದ ಗುಂಪು ಟೆಂಟು ಎಳೆದುಕೊಂಡೆವು. ಅದಕ್ಕೆ ಕಂಬವಿಲ್ಲ, ಬರೀ ಬಟ್ಟೆ. ತಲೆಗೆ ಹೊದ್ದು ಅಂಚಿನ ಮೇಲೆ ಕೂತರೆ ಐದೇ ನಿಮಿಷದಲ್ಲಿ ಉಸಿರಿಗೇ ಒಳಗೆ ಬೆಚ್ಚಗಾಗುತ್ತದೆ. ನಾನು ಗಡಿಯಾರ ನೋಡುತ್ತ, ನಿಮಿಷಕ್ಕೆ ಆರು ಸಲದಂತೆ ಸೀಟಿ ಊದುತ್ತಿದ್ದೆ. ಅದು ಅಲ್ಲಿ ಎಲ್ಲರಿಗೂ ಗೊತ್ತಿರುವ ಆಪತ್ತಿನ ಗುರುತು. ಮೂರು ಗಂಟೆಯಾದರೆ 999ಕ್ಕೆ ಕರೆ ಮಾಡಿ, ಪೊಲೀಸರ ಮೂಲಕ ಮೌಂಟನ್ ರೆಸ್ಕ್ಯೂ ಕೇಳುವುದು ಎಂದು ತೀರ್ಮಾನಿಸಿದ್ದೆ. ಆ ತಂಡದವರು ಸ್ವಯಂಸೇವಕರು, ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ತಮ್ಮ ಊಟ ಬಿಟ್ಟು, ಕೆಲಸ ಬಿಟ್ಟು ಬರುತ್ತಾರೆ. ಅದನ್ನು ನೆನೆದಷ್ಟೂ ಕೈ ಫೋನಿಗೆ ಹೋಗಲು ಹಿಂಜರಿಯುತ್ತಿತ್ತು. ಹಿಂಜರಿಯಬಾರದು ಎಂದೂ ಗೊತ್ತಿತ್ತು.

ಎರಡೂ ನಲವತ್ತಕ್ಕೆ ಕೆಳಗಿನಿಂದ ಮೂರು ಸೀಟಿ ಕೇಳಿತು. ನಮ್ಮ ಸೀಟಿಯ ಜಾಡು ಹಿಡಿದು ಹತ್ತಿ ಬಂದರು. ಅವರನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ, ಹೋಗಿ ಎಂದವಳು ನಾನೇ. ಹುಬ್ಬಳ್ಳಿಯ ಹುಡುಗಿ ತನ್ನ ಫ್ಲಾಸ್ಕಿನ ಚಹಾ ಅವರಿಬ್ಬರಿಗೂ ಸುರಿದುಕೊಟ್ಟಳು. ತಲೆಗೆ ಟಾರ್ಚ್ ಕಟ್ಟಿಕೊಂಡು, ಹಳ್ಳದ ಪಕ್ಕದ ದಾರಿಯಲ್ಲಿ ಒಬ್ಬರ ಹಿಂದೊಬ್ಬರು ಇಳಿದು ನಿಲ್ದಾಣ ಮುಟ್ಟಿದಾಗ ಕತ್ತಲಾಗಿತ್ತು. ಆಮೇಲಿನ ಒಂದೂವರೆ ವರ್ಷ ನನ್ನ ಯಾವ ಗುಂಪೂ ಮಂಜಿನಲ್ಲಿ ಒಡೆಯಲಿಲ್ಲ. ತುದಿಯಲ್ಲೊಮ್ಮೆ, ದಾರಿ ಕವಲೊಡೆಯುವಲ್ಲೊಮ್ಮೆ ಜೋರಾಗಿ ಎಣಿಸುತ್ತಿದ್ದೆ, ಪ್ರತಿಯೊಬ್ಬರೂ ತಮ್ಮ ಸಂಖ್ಯೆ ಕೂಗಬೇಕು. ಚಳಿಯಾದವರಿದ್ದರೆ ಗುಂಪೇ ಬೇಗ ನಡೆಯುವುದು ಅಥವಾ ಗುಂಪೇ ನಿಂತು ಬಟ್ಟೆ ಹಾಕಿಕೊಳ್ಳುವುದು.

ಅವತ್ತು ರಾತ್ರಿ ಅಡುಗೆ ನನ್ನದಿತ್ತು. ಕುಕ್ಕರ್ ಇಲ್ಲದ ಕಡೆ ಬಿಸಿಬೇಳೆಬಾತ್ ಮಾಡುವ ಉಪಾಯ ಒಂದೇ, ಬೆಳಿಗ್ಗೆ ಹೊರಡುವಾಗಲೇ ತೊಗರಿಬೇಳೆ ನೆನೆಹಾಕುವುದು. ಇಪ್ಪತ್ತೆರಡು ಜನಕ್ಕೆ ಎರಡು ಕಿಲೋ ಅಕ್ಕಿ, ಒಂದು ಕಿಲೋ ಬೇಳೆ, ಕ್ಯಾರೆಟ್, ಬೀನ್ಸ್, ಬಟಾಣಿ, ಅಮ್ಮ ಕಳಿಸಿದ ಪುಡಿ. ಪ್ರಾಣಿಜನ್ಯ ಏನೂ ಮುಟ್ಟದವರು ನಾಲ್ವರಿದ್ದರು, ಹಾಗಾಗಿ ಒಗ್ಗರಣೆ ಎಣ್ಣೆಯದು, ತುಪ್ಪ ಬೇರೆ ಬಟ್ಟಲಲ್ಲಿ. ಗೋಡಂಬಿ, ಬಾದಾಮಿಯಂಥ ಬೀಜ ತಿಂದರೆ ಗಂಟಲು ಕಟ್ಟುವವನೊಬ್ಬ ಇದ್ದುದರಿಂದ ಗೋಡಂಬಿ ಮನೆಯೊಳಗೇ ತರಲಿಲ್ಲ. ಬೂಂದಿ ಬದಲು ಆಲೂಗಡ್ಡೆ ಚಿಪ್ಸ್. ದಾರಿ ತಪ್ಪಿದ ಇಬ್ಬರೂ ಮೂರು ಸಲ ಬಡಿಸಿಕೊಂಡರು, ಕೇಳದೆಯೇ ಪಾತ್ರೆಯನ್ನೂ ತೊಳೆದರು. ನಾನು ಯಾಕೆ ಈ ಕ್ಲಬ್ಬಿಗೆ ಅಂಟಿಕೊಂಡೆ ಎಂದರೆ ನೆನಪಾಗುವುದು ಅದೇ ಅಡುಗೆಮನೆ. ಕಿಟಕಿಗೆಲ್ಲ ಹಬೆ, ಒಲೆಯ ಮೇಲಿನ ಹಗ್ಗದಲ್ಲಿ ನಲವತ್ತನಾಲ್ಕು ಒದ್ದೆ ಕಾಲುಚೀಲ, ಇಂಗಿನ ವಾಸನೆಗೆ ಇದೇನೆಂದು ಕೇಳುತ್ತ ಸುತ್ತ ನಿಂತವರು.

ವಾರದ ನಡುವೆ ಎಲ್ಲರೂ ಪಬ್ಬಿನಲ್ಲಿ ಸೇರುತ್ತಿದ್ದರು. ನಾನು ಕುಡಿಯುವುದಿಲ್ಲ, ಮೊದಲ ತಿಂಗಳು ಅಲ್ಲಿಗೆ ಹೋಗಲೇ ಇಲ್ಲ. ಹೋಗದ ಕಾರಣ ಮುಂದಿನ ವಾರದ ಗಾಡಿಯಲ್ಲಿ ಯಾರ ಪಕ್ಕ ಕೂರಬೇಕೆಂದು ತಿಳಿಯುತ್ತಿರಲಿಲ್ಲ. ಉಸ್ತುವಾರಿ ಬಂದ ಮೇಲೆ ಎರಡು ವಾರಕ್ಕೊಮ್ಮೆ ಆ ಕೂಟವನ್ನು ವಿಶ್ವವಿದ್ಯಾಲಯದ ಒಂದು ಕೋಣೆಗೆ ಬದಲಿಸಿದೆ. ಚಹಾ, ಬಿಸ್ಕತ್ತು, ಮೇಜಿನ ಮೇಲೆ ನಕ್ಷೆ, ದಿಕ್ಸೂಚಿ ಹಿಡಿಯುವ ಪಾಠ. ಮಲೇಷ್ಯಾದ, ಪಾಕಿಸ್ತಾನದ ಹುಡುಗಿಯರು ಆಗ ಬರತೊಡಗಿದರು. ಜನವರಿ 25ರ ಆಸುಪಾಸಿಗೆ ಕವಿ ರಾಬರ್ಟ್ ಬರ್ನ್ಸ್ ಹೆಸರಿನ ಊಟ, ನಂತರ ಕೇಲಿ ಕುಣಿತ. ‘ಸ್ಟ್ರಿಪ್ ದ ವಿಲ್ಲೋ’ ಎಂಬ ಕುಣಿತದಲ್ಲಿ ಸಾಲಿನ ಪ್ರತಿಯೊಬ್ಬರ ಕೈ ಹಿಡಿದು ಸುತ್ತುತ್ತ ಹೋಗಬೇಕು. ಅದು ಮುಗಿಯುವಷ್ಟರಲ್ಲಿ ಅಪರಿಚಿತರು ಯಾರೂ ಉಳಿದಿರುವುದಿಲ್ಲ.

ಸೇರಬೇಕೆನ್ನುವವರಿಗೆ: ಸೆಪ್ಟೆಂಬರಿನಲ್ಲಿ ಹೊಸ ವಿದ್ಯಾರ್ಥಿಗಳ ಮೇಳದಲ್ಲಿ ಈ ಕ್ಲಬ್ಬುಗಳ ಮೇಜು ಇರುತ್ತದೆ. ಮೊದಲ ದಿನವೇ ದುಡ್ಡು ಸುರಿಯಬೇಡಿ. ನಮ್ಮಲ್ಲಿ ಮಳೆಯಂಗಿ, ಟಾರ್ಚ್, ಚಳಿಗಾಲದ ಹಿಮಗೊಡಲಿ ಎಲ್ಲ ಉಗ್ರಾಣದಿಂದ ಎರವಲು ಸಿಗುತ್ತಿದ್ದವು, ಬೇರೆ ಕ್ಲಬ್ಬುಗಳಲ್ಲೂ ಕೇಳಿ ನೋಡಿ. ಬೂಟು ಮಾತ್ರ ಸ್ವಂತದ್ದಿರಲಿ. ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಅಂಗಡಿಗೆ ಹೋಗಿ, ಸಂಜೆ ಹೋಗಿ, ಆ ಹೊತ್ತಿಗೆ ಕಾಲು ತುಸು ಊದಿರುತ್ತದೆ. ಬೇಸಿಗೆಯಲ್ಲಿ ಬೆಟ್ಟದಿಂದ ಬಂದ ರಾತ್ರಿ ಮೊಣಕಾಲಿನ ಹಿಂದೆ, ಸೊಂಟದ ಸುತ್ತ ಉಣುಗು ಕಚ್ಚಿದೆಯೇ ನೋಡಿಕೊಳ್ಳಿ. ಮತ್ತೆ ಊರಿಂದ ಹೊರಡುವಾಗ ಪೆಟ್ಟಿಗೆಯಲ್ಲಿ ಬಿಸಿಬೇಳೆಬಾತ್ ಪುಡಿ ಅರ್ಧ ಕಿಲೋ ಜಾಸ್ತಿ ಇಟ್ಟುಕೊಳ್ಳಿ.