ಒಳಮಗ್ಗುಲು ಸವೆದ ಟೈರ್

ನಮ್ಮ ಹಳೆಯ ಟೆಂಪೋ ಟ್ರಾವೆಲರ್‌ನಲ್ಲಿ ಮಂಚ, ಒಲೆ, 100 ಲೀಟರ್ ನೀರಿನ ಟ್ಯಾಂಕ್ ಕೂಡಿಸಿ ಮನೆ ಮಾಡಿಕೊಂಡಿದ್ದೇವೆ. ಕಲಬುರಗಿಯಿಂದ ಪಂಢರಪುರ, ತುಳಜಾಪುರ ಎಲ್ಲಿಗೆ ಹೋದರೂ ಅದರಲ್ಲೇ ಊಟ, ಅದರಲ್ಲೇ ನಿದ್ದೆ.

ಮುಂದಿನ ಎರಡೂ ಟೈರ್ ಹೊಸವು ಹಾಕಿಸಿ 6,000 ಕಿ.ಮೀ. ಅಷ್ಟೇ ಆಗಿತ್ತು. ಹೊರಗಿನಿಂದ ನೋಡಿದರೆ ಏನೂ ಆಗಿರಲಿಲ್ಲ. ಹುಮನಾಬಾದ್ ಹತ್ತಿರ ಕೈಜಾರಿದ ಸ್ಪ್ಯಾನರ್ ಹುಡುಕಲು ಗಾಡಿಯ ಕೆಳಗೆ ಬಗ್ಗಿದೆ. ಎದೆ ಧಸಕ್ಕೆಂದಿತು. ಎಡಗಾಲಿಯ ಒಳಮಗ್ಗುಲು ಬೋಳಾಗಿ, ರಬ್ಬರ್ ಒಳಗಿನ ದಾರ ಕಾಣುತ್ತಿತ್ತು. ಹಿಂದೆ ಮಕ್ಕಳು ಮಲಗಿದ್ದರು.

ಗಾಳಿ ಕಡಿಮೆಯಾದರೆ ಎರಡೂ ಅಂಚು ಸವೆಯುತ್ತವೆ, ಜಾಸ್ತಿಯಾದರೆ ನಡುಭಾಗ. ನಮ್ಮಲ್ಲಿ ಎರಡೂ ಗಾಲಿಗಳ ಒಳಅಂಚು ಮಾತ್ರ ಹೋಗಿತ್ತು. ಕೈ ಸವರಿದೆ. ಒಳಗಿನಿಂದ ಹೊರಗೆ ನುಣುಪು, ಹೊರಗಿನಿಂದ ಒಳಗೆ ಎಳೆದರೆ ಗರಗಸದ ಹಲ್ಲು ತಾಕಿದಂತೆ. ಅಂದರೆ ಗಾಲಿಗಳ ಮುಂಭಾಗ ಹೊರಕ್ಕೆ ತೆರೆದುಕೊಂಡಿದೆ.

ಆದರೆ ಟೈರ್ ಹಾಕಿಸಿದಾಗಲೇ ಅಲೈನ್‌ಮೆಂಟ್, ಅಂದರೆ ಗಾಲಿಗಳ ದಿಕ್ಕು ಸರಿಪಡಿಸುವ ಕೆಲಸ, ಮಾಡಿಸಿದ್ದೆನಲ್ಲ! ಊರಿಗೆ ಬಂದು ಪರಿಚಯದ ಮಿಸ್ತ್ರಿಗೆ ತೋರಿಸಿದೆ. ಜಾಕ್ ಏರಿಸಿ, ಗಾಲಿಯ ಎಡ-ಬಲ ಹಿಡಿದು ಅಲ್ಲಾಡಿಸಿದ. ಎರಡೂ ಮುಂಗಾಲಿಗಳನ್ನು ಜೋಡಿಸುವ ಟೈ ರಾಡ್‌ನ ತುದಿಯ ಕೀಲಿನಿಂದ (ಟೈ ರಾಡ್ ಎಂಡ್) ಟಕ್ ಟಕ್ ಸದ್ದು. ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದಾಗ ಮಾತ್ರ ಬಿಗಿ ಇತ್ತು. ಅಂದರೆ ಗಾಲಿ ತಿರುಗಲು ಆಧಾರವಾದ ಕಿಂಗ್ ಪಿನ್ ಸವೆದಿರಲಿಲ್ಲ.

"ಕಾಕಾ, ಈ ಲೂಸ್ ಹಂಗೇ ಬಿಟ್ಟು ಅಲೈನ್‌ಮೆಂಟ್ ಮಾಡಿಸಿದ್ರ ಏನ್ ಉಪಯೋಗ? ಮದಲ ಇದು ಬದಲಿ ಮಾಡ್ರಿ" ಅಂದ. ನಿಜ. ನಿಂತ ಗಾಡಿಯ ಅಳತೆ ಸರಿ ಬರುತ್ತದೆ, ಓಡುವಾಗ ಗಾಲಿ ತನ್ನ ದಾರಿ ಹಿಡಿಯುತ್ತದೆ.

ಎಂಡ್‌ಗಳನ್ನು ಬದಲಿಸಿದ ಮೇಲೆ ನಾನೇ ಅಳೆದೆ. ನಮ್ಮ ಅಂಗಳಕ್ಕೆ ಶಹಾಬಾದ್ ಪರ್ಸಿ ಕಲ್ಲು ಹಾಸಲಾಗಿದೆ, ಮಟ್ಟವಾಗಿದೆ. ಗಾಲಿ ಎತ್ತಿ ತಿರುಗಿಸುತ್ತಾ ಟೈರ್ ನಡುವೆ ಚಾಕ್‌ನಿಂದ ಗೆರೆ ಎಳೆದೆ. ಇಳಿಸಿದ ಮೇಲೆ ಗಾಡಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದೆ. ಇಲ್ಲದಿದ್ದರೆ ಅಳತೆ ಸುಳ್ಳು ಹೇಳುತ್ತದೆ. ಗಾಲಿಯ ಅರ್ಧ ಎತ್ತರದಲ್ಲಿ ಗೆರೆಯಿಂದ ಗೆರೆಗೆ ಟೇಪ್ ಹಿಡಿದರೆ ಗಾಲಿಗಳ ಹಿಂಭಾಗಕ್ಕಿಂತ ಮುಂಭಾಗದಲ್ಲಿ ಇನ್ನೂ 5 ಮಿ.ಮೀ. ಜಾಸ್ತಿ. ಟೈ ರಾಡ್ ತಿರುಗಿಸಿ ಗಾಡಿಯ ಕೈಪಿಡಿಯ ಮಿತಿಗೆ ತಂದು, ಅಲೈನ್‌ಮೆಂಟ್ ಮಷಿನ್‌ನಲ್ಲೂ ನೋಡಿಸಿದೆ. ಟ್ಯಾಂಕ್ ತುಂಬಿ, ಸಾಮಾನೆಲ್ಲ ಏರಿಸಿಕೊಂಡೇ ಹೋದೆ. ನಾವು ಓಡಿಸುವುದು ಹಾಗೇ ಅಲ್ವಾ?

ಬರುವಾಗ ದಾಲ್ ಮಿಲ್‌ನ ಗಾಡಿ ತೂಗುವ ಕಾಂಟಾದಲ್ಲಿ ಮುಂದಿನ ಗಾಲಿಗಳನ್ನಷ್ಟೇ ಏರಿಸಿ ತೂಗಿಸಿದೆ. ಆ ತೂಕಕ್ಕೆ ಟೈರ್ ಕಂಪನಿಯ ಪಟ್ಟಿಯಂತೆ ಗಾಳಿ, ಅದೂ ಬೆಳಗ್ಗೆ ಟೈರ್ ತಣ್ಣಗಿದ್ದಾಗ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ನೋಡಿದರೆ ಜಾಸ್ತಿಯೇ ತೋರಿಸುತ್ತದೆ. ಆಗ ಗಾಳಿ ಇಳಿಸಬೇಡಿ.

ಮತ್ತೆ ಹೊಸ ಟೈರ್ ಹಾಕಿಸಿ 4,000 ಕಿ.ಮೀ. ಆಯಿತು. ಹೋದ ವಾರ ಗಾಣಗಾಪುರದಿಂದ ಬಂದವನೇ ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದೆ. ಒಳಗೂ ಹೊರಗೂ ಗೀರು ಒಂದೇ ಆಳ ಇದೆ.